ನಿಮ್ ಬೈಬಲ್‌ನಲ್ಲಿ ಎಲ್ಲಿ ಬರ್ದೈತೆ?

ಇದನ್ನ ಬರೀಲೋ ಬೇಡವೋ ಅಂತ ತುಂಬಾ ದಿನ ಯೋಚನೆ ಮಾಡಿದೆ. ಬ್ಲಾಗಿನಲ್ಲಿ ಧರ್ಮದ ಮಾತೆತ್ತಿದರೆ ಏನೇನಾಗುತ್ತೆ ಅಂತ ನಿಮಗೆಲ್ಲ ಗೊತ್ತೇ ಇದೆ. ಮಳೆ, ಮಾವಿನಕಾಯಿ, ಹಳೇ ಸಿನಿಮಾ ಹಾಡು ಅಂತ ಬರ್ಕೊಂಡು ಹಾಯಾಗಿದ್ದವನು ನಾನು. ಆದ್ರೆ ಒಂದು ಪ್ರಶ್ನೆ ಕಾಲಿಗೆ ಚುಚ್ಚಿದ ಜಾಲಿ ಮುಳ್ಳಿನ ಹಾಗೆ ಒಳಗೇ ಕೂತುಬಿಟ್ಟಿದೆ. ಹೊರಗೆ ಹಾಕದೆ ಬೇರೆ ದಾರಿ ಇಲ್ಲ.

ನಮ್ಮದು ಕನಕಪುರ ಸೀಮೆಯ ಒಂದು ಹಳ್ಳಿ. ನಾವು ಕಥೋಲಿಕ ಕ್ರೈಸ್ತರು. ನಮ್ಮಜ್ಜ, ಮುತ್ತಜ್ಜ ಎಲ್ಲ ಇದೇ ಮಣ್ಣಲ್ಲಿ ರಾಗಿ ಬೆಳೆದು, ಇದೇ ಮಣ್ಣಲ್ಲಿ ಹೂತುಹೋದವರು. ಬೆಂಗಳೂರಲ್ಲಿ "ನೀವು ಮಂಗಳೂರಿನವರಾ?" ಅಂತ ಕೇಳ್ತಾರೆ. ಅಲ್ಲ ಅಂದ್ರೆ "ಹಾಗಾದ್ರೆ ತಮಿಳರಾ?" ಅಂತಾರೆ. ಕನಕಪುರದ ಕನ್ನಡ ಕ್ರೈಸ್ತ ಅಂದ್ರೆ ಒಂದು ಕ್ಷಣ ಸುಮ್ಮನಾಗ್ತಾರೆ, ಯಾವುದೋ ಹೊಸ ಪ್ರಾಣಿ ನೋಡಿದ ಹಾಗೆ :-)

2020ರ ಜನವರಿ. ಸಂಕ್ರಾಂತಿಗೆ ಅಂತ ರಜ ಹಾಕಿ ಊರಿಗೆ ಹೋಗಿದ್ದೆ. ಕಪಾಲಬೆಟ್ಟದ ಗಲಾಟೆ ಜೋರಾಗಿದ್ದ ವಾರ ಅದು. ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ ಹೇಳ್ತೀನಿ. ಕನಕಪುರ ತಾಲ್ಲೂಕಿನ ಹಾರೋಬೆಲೆ ಬಹಳ ಹಿಂದಿನಿಂದ ಕ್ರೈಸ್ತರ ಊರು. ಅದರ ಹತ್ತಿರದ ಬೆಟ್ಟವೇ ಕಪಾಲಬೆಟ್ಟ. ಶುಭ ಶುಕ್ರವಾರದ ದಿನ ಅಲ್ಲಿಗೆ ಶಿಲುಬೆ ಹಾದಿ ಮಾಡ್ಕೊಂಡು ಹತ್ತೋದು ರೂಢಿ. 2019ರ ಡಿಸೆಂಬರ್ 25ರಂದು ಕ್ಷೇತ್ರದ ಶಾಸಕ ಡಿ.ಕೆ. ಶಿವಕುಮಾರ್ ಆ ಬೆಟ್ಟದ ಹತ್ತು ಎಕರೆಯ ಪತ್ರ ಕೊಟ್ಟು, 114 ಅಡಿಯ ಯೇಸು ಪ್ರತಿಮೆಗೆ ಶಂಕುಸ್ಥಾಪನೆ ಮಾಡಿದರು. ಅದಾಗಿ ಮೂರು ವಾರವೂ ಕಳೆದಿರಲಿಲ್ಲ, ಜನವರಿ 13ಕ್ಕೆ 'ಕನಕಪುರ ಚಲೋ' ಅಂತ ದೊಡ್ಡ ಮೆರವಣಿಗೆ ಬಂತು. ಕಲ್ಲಡ್ಕ ಪ್ರಭಾಕರ ಭಟ್ಟರು ಬಂದಿದ್ದರು. ಅದು ಕಪಾಲಬೆಟ್ಟವೇ ಅಲ್ಲ, ಮುನೇಶ್ವರನ ಬೆಟ್ಟ, ಗೋಮಾಳ ಅನ್ನೋದು ಅವರ ವಾದ. ಆಗಿನ ಸರ್ಕಾರ ಜಮೀನು ಹೇಗೆ ಮಂಜೂರಾಯ್ತು ಅಂತ ವರದಿ ಕೇಳಿತು. ಟೀವಿಯವರಿಗೆ ಹಬ್ಬವೋ ಹಬ್ಬ.

ಆ ಸಂಜೆ ಕನಕಪುರದಲ್ಲಿ ಟೀ ಕುಡೀತಾ ಕೂತಿದ್ದಾಗ ನನ್ನ ಬಾಲ್ಯದ ಗೆಳೆಯ ಕೇಳಿದ. ಒಕ್ಕಲಿಗರ ಹುಡುಗ, ಒಂದನೇ ಕ್ಲಾಸಿಂದ ಒಟ್ಟಿಗೆ ಓದಿದವರು ನಾವು.

"ಅಲ್ಲಾ ಕಣ್ಲಾ, ನೂರಾ ಹದಿನಾಲ್ಕ್ ಅಡಿ ವಿಗ್ರಹ ನಿಲ್ಸಿ ಅಂತ ನಿಮ್ ಬೈಬಲ್‌ನಲ್ಲಿ ಎಲ್ಲಿ ಬರ್ದೈತೆ?"

ಸಂವಿಧಾನದ 25ನೇ ವಿಧಿ ಅಂತ ಶುರು ಮಾಡಿದೆ. ನಮ್ಮ ಹಕ್ಕು, ಅಲ್ಪಸಂಖ್ಯಾತರು ಅಂತೆಲ್ಲ ಹೇಳಿದೆ. ಅವನು ತಾಳ್ಮೆಯಿಂದ ಕೇಳಿಸ್ಕೊಂಡ. ಆಮೇಲೆ, "ಸಂವಿಧಾನ ನಂಗೂ ಗೊತ್ತು ಬುಡ್ಲಾ. ನಾನ್ ಕೇಳಿದ್ದು ಅದಲ್ಲ. ನಿಮ್ ಪುಸ್ತಕದಲ್ಲಿ ಏನೈತೆ ಅಂತ" ಅಂದ.

ನನ್ನ ಹತ್ರ ಉತ್ತರ ಇರಲಿಲ್ಲ. ಅವನು ಗೇಲಿ ಮಾಡ್ಲಿಕ್ಕೆ ಕೇಳಿದ್ದಲ್ಲ. ಗೇಲಿ ಮಾಡಿದ್ದಿದ್ರೆ ಜಗಳ ಆಡಿ ಮುಗಿಸಬಹುದಿತ್ತು. ಮೂವತ್ತು ವರ್ಷಕ್ಕೂ ಮೇಲೆ ಪೂಜೆಗೆ ಹೋಗಿ, ಮೊದಲ ಪರಮಪ್ರಸಾದ, ದೃಢೀಕರಣ, ಮದುವೆ ಎಲ್ಲ ಗುಡಿಯಲ್ಲೇ ಮಾಡ್ಕೊಂಡವನು ನಾನು. ಪಕ್ಕದ ಮನೆಯವನ ಒಂದು ಸಾದಾ ಪ್ರಶ್ನೆಗೆ ತಡಬಡಾಯಿಸಿದೆ. ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ನಮ್ಮ ಮನೆಯಲ್ಲಿ ಬೈಬಲ್ ಇರಲಿಲ್ಲ ಅಂತಲ್ಲ. ಇತ್ತು. ತಿರುಹೃದಯದ ಪಟದ ಕೆಳಗೆ, ಮೇಣದಬತ್ತಿ ಪಕ್ಕ, ಕಸೂತಿ ಹಾಕಿದ ಬಟ್ಟೆ ಮೇಲೆ. ಹಬ್ಬ ಬಂದ್ರೆ ಅದಕ್ಕೂ ಒಂದು ಮೊಳ ಮಲ್ಲಿಗೆ, ಊದಿನಕಡ್ಡಿ. ಓದಿದ್ದು ಮಾತ್ರ ಬಹಳ ಕಡಿಮೆ. ನಮ್ಮಜ್ಜಿಗೆ ಜಪಸರದ ರಹಸ್ಯಗಳೆಲ್ಲ ಬಾಯಿಪಾಠ, ಸಂತರ ಕತೆಗಳು ನೂರಾರು ಗೊತ್ತಿದ್ದವು. ಆದರೆ ಅಕ್ಷರ ಬರ್ತಿರಲಿಲ್ಲ. ಅಕ್ಷರ ಬರ್ತಿದ್ದ ನಾವು ಅಜ್ಜಿಯಷ್ಟೂ ತಿಳ್ಕೊಳ್ಳಲಿಲ್ಲ. ಇದರಲ್ಲಿ ಸ್ವಾಮಿಗಳ ತಪ್ಪು ಎಷ್ಟು, ನಮ್ಮ ಸೋಮಾರಿತನ ಎಷ್ಟು ಅಂತ ಅಳೆಯಲು ಕೂತರೆ ನಮ್ಮದೇ ತೂಕ ಜಾಸ್ತಿ ಬರುತ್ತೆ. ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲೇ, ಧರ್ಮಗ್ರಂಥ ಎಲ್ಲ ವಿಶ್ವಾಸಿಗಳ ಕೈಗೂ ಸಿಗಬೇಕು, ಎಲ್ಲರೂ ಓದಬೇಕು ಅಂತ ಹೇಳಿಯಾಗಿದೆ. ಅದೇ ವರ್ಷ, ಅದೇ ಸಭೆ, ಬೇರೆ ಧರ್ಮಗಳಲ್ಲಿರುವ ಸತ್ಯವೂ ಪವಿತ್ರವೂ ಆದ ಯಾವುದನ್ನೂ ಸಭೆ ತಿರಸ್ಕರಿಸೋದಿಲ್ಲ ಅಂತಲೂ ಹೇಳಿತು. ಎರಡು ದಾಖಲೆಗೂ ಮಧ್ಯೆ ಇರೋದು ಮೂರು ವಾರದ ಅಂತರ. ನಾವು ಎರಡನೆಯದನ್ನ ಭಾಷಣಕ್ಕೆ ಬಳಸಿಕೊಂಡೆವು, ಮೊದಲನೆಯದನ್ನ ಕಸೂತಿ ಬಟ್ಟೆ ಮೇಲೆ ಇಟ್ಟೆವು.

ಇನ್ನೂ ಹಿಂದಿನ ಕತೆ ಸ್ವಾರಸ್ಯವಾಗಿದೆ. ಮೈಸೂರು ಸೀಮೆಗೆ ಜೆಸ್ವಿತರು ಬಂದಿದ್ದು ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, 1649ರ ಸುಮಾರಿಗೆ. ಲಿಯೊನಾರ್ದೊ ಚಿನ್ನಮಿ ಅನ್ನೋ ಇಟಲಿಯ ಪಾದ್ರಿ ಶ್ರೀರಂಗಪಟ್ಟಣಕ್ಕೆ ಬಂದು ಕನ್ನಡ ಕಲಿತು, ಕನ್ನಡದ ವ್ಯಾಕರಣ, ಧರ್ಮೋಪದೇಶದ ಪುಸ್ತಕ ಎಲ್ಲ ಬರೆದರು. ಮಧುರೆಯಲ್ಲಿ ರಾಬರ್ಟ್ ದಿ ನೊಬಿಲಿ ಹಾಕಿಕೊಟ್ಟ ದಾರಿಯಲ್ಲೇ ಇಲ್ಲಿನ ಪಾದ್ರಿಗಳೂ ಕಾವಿ ಉಟ್ಟು, ಮಾಂಸ ಬಿಟ್ಟು, ಸನ್ಯಾಸಿಗಳ ಹಾಗೆ ಬದುಕಿದರು. ಆದರೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿ ಬಂದಿದ್ದು ಅದಾಗಿ ಹೆಚ್ಚುಕಮ್ಮಿ ನೂರೆಂಬತ್ತು ವರ್ಷದ ಮೇಲೆ, 1831ರಲ್ಲಿ. ಅದು ನಮ್ಮವರಿಂದಲೂ ಅಲ್ಲ, ಬಳ್ಳಾರಿಯ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಸಂಗಡಿಗರಿಂದ. ಅಂದ್ರೆ ನಮ್ಮ ಹಿರಿಯರು ಆರೇಳು ತಲೆಮಾರು ಪುಸ್ತಕವೇ ಇಲ್ಲದೆ ಕ್ರೈಸ್ತರಾಗಿ ಬಾಳಿದರು. ಟಿಪ್ಪುವಿನ ಕಾಲ, ಬರ, ಪ್ಲೇಗು ಎಲ್ಲ ದಾಟಿ ಉಳಿದರು. ಅದನ್ನ ನಾನು ಹಗುರವಾಗಿ ಕಾಣೋದಿಲ್ಲ.

ಆ ಮಧ್ಯದ ಕಾಲದಲ್ಲಿ ಬಂದವರು ಅಬ್ಬೆ ದ್ಯುಬುವಾ. ಹಿಂದೂಗಳ ಆಚಾರ ವಿಚಾರದ ಬಗ್ಗೆ ದಪ್ಪ ಪುಸ್ತಕ ಬರೆದ ಫ್ರೆಂಚ್ ಪಾದ್ರಿ ಅಂದ್ರೆ ಹಲವರಿಗೆ ಗೊತ್ತಾಗಬಹುದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯ ಕ್ರೈಸ್ತರನ್ನ ಮತ್ತೆ ಒಟ್ಟುಗೂಡಿಸಿದವರು ಅವರೇ. 1823ರಲ್ಲಿ ಅವರು ಭಾರತದ ಕ್ರೈಸ್ತಧರ್ಮದ ಸ್ಥಿತಿಯ ಬಗ್ಗೆ ಬರೆದ ಪತ್ರಗಳು ಪುಸ್ತಕವಾಗಿ ಬಂದವು. ಅದರಲ್ಲಿ ಅವರು, ಬೈಬಲ್ಲನ್ನ ಇಲ್ಲಿಯ ಭಾಷೆಗಳಿಗೆ ಅನುವಾದಿಸಿ ಹಂಚೋದರಿಂದ ಪ್ರಯೋಜನ ಇಲ್ಲ, ಕೆಡುಕೇ ಹೆಚ್ಚು ಅಂತ ವಾದಿಸ್ತಾರೆ. ಅದಕ್ಕೆ ಕೊಡೋ ಉದಾಹರಣೆಗಳಲ್ಲಿ ಒಂದು ದುಂದುಗಾರ ಮಗನ ಸಾಮತಿ. ಮನೆ ಬಿಟ್ಟು ಓಡಿಹೋದ ಮಗ ವಾಪಸ್ ಬಂದಾಗ ಅಪ್ಪ ಕೊಬ್ಬಿದ ಕರುವನ್ನ ಕಡಿಸಿ ಊಟ ಹಾಕಿಸ್ತಾನಲ್ಲ, ಅದನ್ನ ಅವರು ಒಮ್ಮೆ ಪ್ರಸಂಗದಲ್ಲಿ ಹೇಳಿದ್ದಕ್ಕೆ ಕ್ರೈಸ್ತರೇ ಬಂದು, ಸ್ವಾಮಿ, ಮುಂದಿನ ಸಲ ಕರು ಅನ್ನಬೇಡಿ, ಕುರಿಮರಿ ಅನ್ನಿ ಅಂತ ಬುದ್ಧಿ ಹೇಳಿದರಂತೆ!

ಮೊದಲ ಸಲ ಓದಿದಾಗ ನಕ್ಕುಬಿಟ್ಟೆ. ಆಮೇಲೆ ಇದು ನಮ್ಮ ಇಡೀ ಸಮಸ್ಯೆ ಅಲ್ವಾ ಅನ್ನಿಸ್ತು. ನೆರೆಯವರಿಗೆ ನೋವಾಗದಿರಲಿ ಅನ್ನೋ ಕಾಳಜಿ ಒಳ್ಳೆಯದೇ. ಆದ್ರೆ ಅದಕ್ಕಾಗಿ ಗ್ರಂಥದಲ್ಲಿರೋ ಕರುವನ್ನ ಕುರಿ ಮಾಡಬೇಕಾ? ಬೇಡ ಅಂತೀನಿ ನಾನು. ನನ್ನ ಗೆಳೆಯನ ಮುಂದೆ ಕೂತು, "ನೋಡಪ್ಪಾ, ಅದು ಯೆಹೂದ್ಯರ ಮನೆ, ಅವರ ಪದ್ಧತಿ ಅದು. ಮನೇಲಿ ಯಾವುದು ಅತ್ಯಂತ ಬೆಲೆ ಬಾಳುತ್ತೋ ಅದನ್ನೇ ಆ ಅಪ್ಪ ತೆಗೆದ" ಅಂದ್ರೆ ಅವನಿಗೆ ಅರ್ಥ ಆಗುತ್ತೆ. ಅವನೂ ಒಬ್ಬ ಅಪ್ಪ. ಕದ್ದುಮುಚ್ಚಿ ಕುರಿ ಅಂದ್ರೆ, ನಾಳೆ ಅವನೇ ಓದಿ ಕರು ಅಂತ ಗೊತ್ತಾದಾಗ ನಾನು ಹೇಳಿದ್ದರಲ್ಲಿ ಬೇರೆ ಏನೇನು ಬದಲಾಯಿಸಿದ್ದೀನೋ ಅಂತ ಅನುಮಾನ ಪಡ್ತಾನೆ.

ಹೊಂದಿಕೊಂಡು ಹೋಗೋ ಹೆಸರಲ್ಲಿ ಗ್ರಂಥವನ್ನ ಮೆತ್ತಗೆ ಮಾಡೋ ನಮ್ಮಂಥವರ ತಪ್ಪು ಇದು. ಇದಕ್ಕೆ ತದ್ವಿರುದ್ಧವಾದ ಇನ್ನೊಂದು ತಪ್ಪಿದೆ. ಅದು ನಮ್ಮ ಮನೆ ಜಗಲಿ ಮೇಲೇ ನಡೆದದ್ದು, ಹೇಳ್ತೀನಿ.

ನಮ್ಮ ಕಡೆ ಊರಹಬ್ಬ ಅಂದ್ರೆ ಮಾರಮ್ಮನ ಹಬ್ಬ. ಕಬ್ಬಾಳಮ್ಮನಿಗೆ ಹರಕೆ ಹೊತ್ತವರೂ ಬಹಳ. ಮರಿ ಬೀಳುತ್ತೆ, ನೆಂಟರು ಸೇರ್ತಾರೆ, ಬಾಡೂಟ. ನನ್ನ ಗೆಳೆಯನ ತಾಯಿ, ನಾನು ಅವರನ್ನ ದೊಡ್ಡವ್ವ ಅಂತಲೇ ಕರೆಯೋದು, ಪ್ರತಿ ಹಬ್ಬಕ್ಕೂ ಒಂದು ಟಿಫನ್ ಕ್ಯಾರಿಯರ್ ತುಂಬಾ ಸಾರು, ಮುದ್ದೆ ತಂದುಕೊಡೋರು. ಅಜ್ಜಿ ಇಸ್ಕೊಂಡು, ಕ್ರಿಸ್ಮಸ್‌ಗೆ ಅದೇ ಕ್ಯಾರಿಯರ್ ತುಂಬಾ ಕಜ್ಜಾಯ, ಕರ್ಜಿಕಾಯಿ ಕಳಿಸೋರು. ಖಾಲಿ ಪಾತ್ರೆ ವಾಪಸ್ ಕೊಡಬಾರದು ಅನ್ನೋದೊಂದೇ ಅಜ್ಜಿಯ ದೇವಶಾಸ್ತ್ರ.

ಒಂದು ವರ್ಷ ನನ್ನ ಚಿಕ್ಕಪ್ಪನ ಮಗ ಮನೇಲಿದ್ದ. ಅವನು ಆ ಹೊತ್ತಿಗೆ ಬೆಂಗಳೂರಲ್ಲಿ ಒಂದು ಪ್ರಾರ್ಥನಾ ಕೂಟಕ್ಕೆ ಹೋಗೋಕೆ ಶುರು ಮಾಡಿದ್ದ. ಯಾವುದು ಅಂತ ಬೇಡ. ದೊಡ್ಡವ್ವ ಕ್ಯಾರಿಯರ್ ಇಟ್ಟು ಕೂರೋ ಮೊದಲೇ ಅವನು, ಇದು ದೆವ್ವಕ್ಕೆ ಇಟ್ಟ ಊಟ, ನಮ್ಮ ಮನೆ ಒಳಗೆ ಬರಬಾರದು ಅಂದ. ಬರೀ ಅಂದಿದ್ದಲ್ಲ, ಅವರ ಕಣ್ಣ ಮುಂದೇನೇ ತಗೊಂಡು ಹೋಗಿ ತಿಪ್ಪೆಗೆ ಸುರಿದ. ದೊಡ್ಡವ್ವ ಏನೂ ಮಾತಾಡಲಿಲ್ಲ. ಖಾಲಿ ಡಬ್ಬಿಗಳನ್ನ ಒಂದೊಂದಾಗಿ ಜೋಡಿಸಿ, ಚಿಲಕ ಹಾಕಿ, ಎದ್ದು ಹೋದರು. ಆ ಚಿಲಕದ ಸದ್ದು ನನಗೆ ಇವತ್ತಿಗೂ ಕೇಳಿಸುತ್ತೆ.

ಅವನ ಹತ್ರ ವಚನ ಇತ್ತು. ಅದೇ ಬೇಜಾರು. ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ ಹತ್ತನೇ ಅಧ್ಯಾಯ ತೋರಿಸಿದ, ಪ್ರಭುವಿನ ಮೇಜು ಮತ್ತು ದೆವ್ವಗಳ ಮೇಜು ಎರಡರಲ್ಲೂ ಪಾಲು ತಗೊಳ್ಳೋಕಾಗಲ್ಲ ಅನ್ನೋ ಅರ್ಥದ ಮಾತು. ನನ್ನ ಹತ್ರ ಏನಿತ್ತು? ಸಿಟ್ಟು ಒಂದೇ. "ಅಜ್ಜಿ ತಿಂತಿದ್ದರಲ್ಲೋ" ಅಂದೆ. "ಅಜ್ಜಿಗೆ ವಾಕ್ಯ ಗೊತ್ತಿರಲಿಲ್ಲ" ಅಂದ. ಅಲ್ಲಿಗೆ ಮುಗೀತು.

ಕಪಾಲಬೆಟ್ಟದ ಪ್ರಶ್ನೆ ಆದಮೇಲೆ, ಅಂದ್ರೆ ಎಷ್ಟೋ ವರ್ಷ ತಡವಾಗಿ, ನಾನು ಆ ಪತ್ರವನ್ನ ಪೂರ್ತಿ ಓದಿದೆ. ಎಂಟನೇ ಅಧ್ಯಾಯದಿಂದ ಶುರು ಮಾಡಬೇಕು ಅದನ್ನ. ಕೊರಿಂಥದ ಸಮಸ್ಯೆ ಥೇಟ್ ನಮ್ಮೂರ ಸಮಸ್ಯೆ. ದೇವಸ್ಥಾನದಲ್ಲಿ ಬಲಿ ಕೊಟ್ಟ ಮಾಂಸ ಊರ ಸಂತೆಗೆ, ನೆಂಟರ ಊಟಕ್ಕೆ ಬರುತ್ತೆ. ತಿನ್ನಬಹುದಾ? ಪೌಲ ಒಂದೇ ಏಟಿಗೆ ಹೌದು, ಅಲ್ಲ ಅನ್ನೋದಿಲ್ಲ. ತಿಳುವಳಿಕೆ ಮನುಷ್ಯನನ್ನ ಉಬ್ಬಿಸುತ್ತೆ, ಪ್ರೀತಿ ಕಟ್ಟುತ್ತೆ ಅಂತ ಮೊದಲೇ ಹೇಳಿ ಆಮೇಲೆ ವಿಷಯಕ್ಕೆ ಬರ್ತಾನೆ. ಗುಡಿಯೊಳಗೆ ಹೋಗಿ ಬಲಿಯೂಟದಲ್ಲಿ ಪಾಲು ತಗೊಳ್ಳೋದು ಬೇಡ ಅಂತಾನೆ, ನನ್ನ ತಮ್ಮ ತೋರಿಸಿದ್ದು ಆ ಭಾಗ. ಆದ್ರೆ ಅದರ ನಾಲ್ಕೈದು ಸಾಲು ಕೆಳಗೇನೇ, ಅನ್ಯಧರ್ಮದವರು ಊಟಕ್ಕೆ ಕರೆದು ನಿಮಗೂ ಹೋಗಬೇಕು ಅನ್ನಿಸಿದರೆ, ಮುಂದೆ ಇಟ್ಟಿದ್ದನ್ನ ಪ್ರಶ್ನೆ ಕೇಳದೆ ಉಣ್ಣಿ ಅಂತಾನೆ. ಇದು ಎಡೆ ಇಟ್ಟಿದ್ದು ಅಂತ ಯಾರಾದರೂ ಹೇಳಿದರೆ ಮಾತ್ರ, ಹಾಗೆ ಹೇಳಿದವರ ಮನಸ್ಸಾಕ್ಷಿಗೋಸ್ಕರ ಬಿಡಿ ಅಂತ. ನಿಮ್ಮ ಶುದ್ಧಿಗೋಸ್ಕರ ಅಲ್ಲ, ಗಮನಿಸಿ, ಎದುರಿನವರಿಗೋಸ್ಕರ.

ಹಾಗಂತ ಅಜ್ಜಿ ಮಾಡಿದ್ದೇ ನೂರಕ್ಕೆ ನೂರು ಸರಿ ಅಂತ ಗ್ರಂಥದಿಂದ ಸಾಧಿಸೋಕೆ ಹೊರಟರೆ ನಾನೂ ಮೋಸ ಮಾಡಿದ ಹಾಗೇ. ಪ್ರೇಷಿತರ ಕಾರ್ಯಕಲಾಪಗಳ ಹದಿನೈದನೇ ಅಧ್ಯಾಯದಲ್ಲಿ ಜೆರುಸಲೇಮಿನ ಸಭೆ, ವಿಗ್ರಹಕ್ಕೆ ಅರ್ಪಿಸಿದ್ದನ್ನ ಬಿಟ್ಟುಬಿಡಿ ಅಂತ ಸ್ಪಷ್ಟವಾಗೇ ಹೇಳುತ್ತೆ. ಪ್ರಕಟನಾ ಗ್ರಂಥದಲ್ಲೂ ಇದಕ್ಕೆ ಬೈಗುಳ ಇದೆ. ಆದ್ದರಿಂದ ನನ್ನ ತಮ್ಮನಿಗೆ ಆ ಊಟ ಬೇಡ ಅನ್ನೋ ಹಕ್ಕು ಪೂರ್ತಿ ಇತ್ತು. "ದೊಡ್ಡವ್ವ, ನಾನು ಇದನ್ನ ತಿನ್ನೋದಿಲ್ಲ, ಬೇಜಾರು ಮಾಡ್ಕೋಬೇಡಿ, ಬನ್ನಿ ಕೂತ್ಕೊಳ್ಳಿ, ಕಾಫಿ ಕುಡೀರಿ" ಅನ್ನಬಹುದಿತ್ತು. ದೊಡ್ಡವ್ವನಿಗೆ ಅದು ಅರ್ಥ ಆಗ್ತಿತ್ತು, ಅವರೂ ಶನಿವಾರ ಬಾಡು ಮುಟ್ಟದವರು. ತಿಪ್ಪೆಗೆ ಸುರಿ ಅಂತ ಯಾವ ವಚನವೂ ಇಲ್ಲ. ನಾನು ಹುಡುಕಿ ನೋಡಿದ್ದೀನಿ.

ಇನ್ನೊಂದು ಮಾತು. ನಾವು ಪೂಜೆಯಲ್ಲಿ ತಗೊಳ್ಳೋದನ್ನ ಪರಮಪ್ರಸಾದ ಅಂತೀವಿ. ಪ್ರಸಾದ ಅನ್ನೋ ಪದ ನೆರೆಮನೆಯಿಂದ ಇಸ್ಕೊಂಡು ಬಂದಿದ್ದು. ಗುಡಿ, ತೇರು, ಪೂಜೆ, ಸ್ವಾಮಿ ಎಲ್ಲವೂ ಹಾಗೇನೇ. ಇಷ್ಟನ್ನ ಇಸ್ಕೊಂಡವರು ಕ್ಯಾರಿಯರ್ ಕೊಡುವವರ ಜೊತೆ ಮಾತಾಡೋವಾಗ ಸ್ವಲ್ಪ ದನಿ ತಗ್ಗಿಸಬೇಕಲ್ವಾ?

ಮಾಗಡಿ ಕಡೆಯದೊಂದು ಸಣ್ಣ ಘಟನೆ. ಆಫೀಸಿನವರೆಲ್ಲ ಸಾವನದುರ್ಗಕ್ಕೆ ಹೋಗಿದ್ದೆವು. ಜೊತೆಗಿದ್ದ ಒಬ್ಬರಿಗೆ ಸಾವಂದಿ ವೀರಭದ್ರ ಮನೆದೇವರು, ಅವರು ಹಣ್ಣುಕಾಯಿ ಮಾಡಿಸ್ಕೊಂಡು ಬರ್ತಿದ್ದರು. ದಾರಿಯಲ್ಲಿ ಯಾರೋ ಒಬ್ಬರು ಅವರ ಕೈಗೆ ಒಂದು ಕರಪತ್ರ ತುರುಕಿದರು. ವಿಗ್ರಹಕ್ಕೆ ಕಣ್ಣಿದ್ದರೂ ಕಾಣೋದಿಲ್ಲ ಅಂತ ಶುರುವಾಗಿ ಆಮೇಲೆ ಇನ್ನೂ ಕೆಟ್ಟದಾಗಿತ್ತು. ಆಕೆ ಓದಿ, ಮಡಚಿ, ಏನೂ ಹೇಳದೆ ನನ್ನ ಕೈಗೆ ಕೊಟ್ಟರು. ನಮ್ಮವರದ್ದು ಅಂತ ತಾನೇ! ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು.

ವಿಗ್ರಹಗಳ ಮೇಲೆ ಆ ಥರದ ಮಾತು ಹಳೇ ಒಡಂಬಡಿಕೆಯಲ್ಲಿ ಇದೆ, ಇಲ್ಲ ಅನ್ನಲ್ಲ. ಆದರೆ ಅದು ಹೆಚ್ಚಾಗಿ ಪ್ರವಾದಿಗಳು ತಮ್ಮ ಸ್ವಂತ ಜನರಿಗೆ, ಇಸ್ರಯೇಲರಿಗೆ ಬೈದದ್ದು. ಹೊರಗಿನವರ ಊರಿಗೆ ಹೋದಾಗ ಪೌಲ ಹೇಗೆ ನಡ್ಕೊಂಡ? ಅಥೆನ್ಸಿನಲ್ಲಿ ವಿಗ್ರಹಗಳನ್ನ ನೋಡಿ ಅವನ ಮನಸ್ಸು ಕುದೀತು ಅಂತಲೇ ಬರೆದಿದೆ. ಆದ್ರೆ ಬಾಯಿ ತೆರೆದಾಗ ಅವನು, ನಿಮಗೆ ದೈವಭಕ್ತಿ ಬಹಳ ಅಂತ ಶುರು ಮಾಡಿ, ಅವರದೇ ಒಂದು ಬಲಿಪೀಠ ತೋರಿಸಿ, ಅವರದೇ ಕವಿಗಳ ಮಾತು ಎತ್ತಿ ಮಾತಾಡ್ತಾನೆ. ಎಫೆಸದಲ್ಲಿ ಇನ್ನೂ ಚೆನ್ನಾಗಿದೆ. ಅಲ್ಲಿ ಅರ್ತೆಮಿ ದೇವಿಯ ಹೆಸರಲ್ಲಿ ದೊಂಬಿ ಏಳುತ್ತೆ. ಆಗ ಊರಿನ ಅಧಿಕಾರಿ, ಅವನು ಕ್ರೈಸ್ತನಲ್ಲ, ಎದ್ದು ನಿಂತು, ಈ ಜನ ನಮ್ಮ ದೇವಸ್ಥಾನ ದೋಚಿದವರೂ ಅಲ್ಲ, ನಮ್ಮ ದೇವಿಯನ್ನ ಬೈದವರೂ ಅಲ್ಲ ಅಂತ ಸಾಕ್ಷಿ ಹೇಳ್ತಾನೆ. ಹತ್ತೊಂಬತ್ತನೇ ಅಧ್ಯಾಯದ ಕೊನೆಗೆ ಬರುತ್ತೆ, ಓದಿ. ಪೌಲ ಅಲ್ಲಿ ಎರಡು ವರ್ಷಕ್ಕೂ ಮೇಲೆ ಬೋಧನೆ ಮಾಡಿದ್ದ. ಆದರೂ ಅನ್ಯಧರ್ಮದ ಅಧಿಕಾರಿ ಅವರ ಬಗ್ಗೆ ಹಾಗೆ ಹೇಳೋಕೆ ಸಾಧ್ಯವಾಯ್ತು. ಆ ಕರಪತ್ರ ಹಂಚಿದವರ ಬಗ್ಗೆ ಮಾಗಡಿ ತಹಸೀಲ್ದಾರರು ಹಾಗೆ ಹೇಳೋಕಾಗುತ್ತಾ?

ಮುಸ್ಲಿಮರ ವಿಷಯ ಬೇರೆ ಥರ. ನಮ್ಮಪ್ಪ ರೇಷ್ಮೆ ಬೆಳೆಗಾರ. ಚಂದ್ರಿಕೆಯಿಂದ ಗೂಡು ಬಿಡಿಸಿ, ಚೀಲಕ್ಕೆ ತುಂಬಿ, ರಾಮನಗರದ ಗೂಡಿನ ಮಾರುಕಟ್ಟೆಗೆ ಒಯ್ಯೋದು. ಅಲ್ಲಿ ಕೊಳ್ಳೋ ರೀಲರುಗಳಲ್ಲಿ ಬಹಳ ಜನ ಮುಸ್ಲಿಮರು. ಹರಾಜು ಮುಗಿದು ದುಡ್ಡು ಕೈಗೆ ಬರೋವರೆಗೆ ಕಾಯೋದೇ ಕೆಲಸ, ಆಗ ನಡೆಯೋ ಮಾತುಕತೆಗೆ ಕೊನೆ ಮೊದಲಿಲ್ಲ. ಒಬ್ಬ ಸಾಬರು ಅಪ್ಪನನ್ನ ಕೇಳಿದ್ದರಂತೆ, "ಈಸಾ ನಬಿ ನಾನೇ ದೇವರು ಅಂತ ನಿಮ್ಮ ಕಿತಾಬಿನಲ್ಲಿ ಹೇಳಿದ್ದಾರಾ ಯಜಮಾನ್ರೇ?" ಅಪ್ಪ, "ನಮ್ಮ ಸ್ವಾಮಿಗಳನ್ನ ಕೇಳಿ ಹೇಳ್ತೀನಿ ಸಾಬ್ರೇ" ಅಂದು ಬಂದರು. ಕೇಳೋದು ಮರೆತೇ ಹೋಯ್ತು. ಆ ಸಾಬರು ಈಗಿಲ್ಲ.

ನಾನಾಗಿದ್ರೆ ಏನು ಹೇಳ್ತಿದ್ದೆ? ಮಾರ್ಕನ ಹನ್ನೆರಡನೇ ಅಧ್ಯಾಯದಿಂದ ಶುರು ಮಾಡ್ತಿದ್ದೆ ಅನ್ಸುತ್ತೆ. ಎಲ್ಲಕ್ಕಿಂತ ದೊಡ್ಡ ಆಜ್ಞೆ ಯಾವುದು ಅಂದಾಗ ಯೇಸುಸ್ವಾಮಿ ಮೊದಲು ಹೇಳೋದು ದೇವರು ಒಬ್ಬನೇ ಅಂತ. ಅಲ್ಲಿಗೆ ಸಾಬರೂ ಅಪ್ಪನೂ ಒಂದೇ ಬೆಂಚಲ್ಲಿ. ಆಮೇಲೆ ತೋಮ, ಪುನರುತ್ಥಾನ ಆದ ಕ್ರಿಸ್ತನ ಮುಂದೆ ಅಂದ ಮಾತು, ಯೊವಾನ್ನನ ಇಪ್ಪತ್ತನೇ ಅಧ್ಯಾಯ. ಅಲ್ಲಿಂದ ದಾರಿ ಬೇರೆ. ಖುರಾನು ಮರಿಯಮ್ಮನವರಿಗೆ ಒಂದು ಇಡೀ ಸೂರಾ ಕೊಟ್ಟಿದೆ, ಆದ್ರೆ ಶಿಲುಬೆಯ ಮರಣವನ್ನ ಒಪ್ಪೋದಿಲ್ಲ. ಎಲ್ಲ ಒಂದೇ ಬಿಡಿ ಸಾಬ್ರೇ ಅಂತ ತೇಲಿಸಿಬಿಟ್ಟರೆ ಇಬ್ಬರ ಗ್ರಂಥಕ್ಕೂ ಅವಮಾನ. ಭಿನ್ನಾಭಿಪ್ರಾಯ ಹೇಳಿಕೊಂಡೂ ಗೂಡಿನ ತೂಕ ಸರಿಯಾಗಿ ಹಾಕಬಹುದು. ಚನ್ನಪಟ್ಟಣದಲ್ಲಿ ಕ್ರಿಸ್ಮಸ್ ಗೋದಲಿಗೆ ಅಂತ ಅರಗಿನ ಬಣ್ಣದ ಗೊಂಬೆಗಳನ್ನ ಒಮ್ಮೆ ಕೊಂಡಿದ್ದೆ. ಕಡೆದವರು ಒಬ್ಬ ಮುಸ್ಲಿಂ ಕುಶಲಕರ್ಮಿ. "ಮರಿಯಮ್ಮ, ಈಸಾ ಇಬ್ಬರದ್ದೂ ಮುಖ ಬರೆಯೋದು ನನ್ನ ಕೈಲಾಗಲ್ಲ ಸಾರ್" ಅಂದು ಮುಖವಿಲ್ಲದೆ ಬರೀ ಆಕಾರ ಮಾಡಿಕೊಟ್ಟರು. ಬೆಲೆ ಸ್ವಲ್ಪ ಕಡಿಮೆ ಮಾಡಿದರು ಕೂಡ. ಈಗಲೂ ನಮ್ಮನೆ ಗೋದಲಿಯಲ್ಲಿ ಅವೇ ಇರೋದು.

ಮತ್ತೆ ಬೆಟ್ಟಕ್ಕೆ ಬರೋಣ. ನನ್ನ ಗೆಳೆಯನ ಪ್ರಶ್ನೆಗೆ ಉತ್ತರ ಹುಡುಕಿದಾಗ ಸಿಕ್ಕಿದ್ದು ಒಂದಲ್ಲ, ಬಹಳ. ಹತ್ತು ಕಟ್ಟಳೆಗಳಲ್ಲಿ ಪ್ರತಿಮೆ ಮಾಡಿ ಅಡ್ಡಬೀಳಬೇಡಿ ಅಂತ ಇದೆ. ಅದೇ ವಿಮೋಚನಾಕಾಂಡದಲ್ಲಿ ಮಂಜೂಷದ ಮೇಲೆ ಬಂಗಾರದ ಕೆರೂಬಿಗಳನ್ನ ಮಾಡು ಅಂತಲೂ ದೇವರೇ ಹೇಳ್ತಾರೆ. ಸಂಖ್ಯಾಕಾಂಡದಲ್ಲಿ ಮೋಶೆ ದೇವರ ಮಾತಿನಂತೆ ಕಂಚಿನ ಸರ್ಪ ಮಾಡಿ ಕಂಬಕ್ಕೆ ಏರಿಸ್ತಾನೆ, ನೋಡಿದವರು ಬದುಕ್ತಾರೆ. ಇಷ್ಟು ನಮ್ಮ ಕಥೋಲಿಕರು ಹೇಳ್ತಾರೆ, ಇಲ್ಲಿಗೆ ನಿಲ್ಲಿಸಿಬಿಡ್ತಾರೆ. ಅದರ ಮುಂದಿನ ಕತೆ ಅರಸರ ಎರಡನೇ ಗ್ರಂಥದ ಹದಿನೆಂಟನೇ ಅಧ್ಯಾಯದಲ್ಲಿದೆ. ಎಷ್ಟೋ ನೂರು ವರ್ಷ ಆದಮೇಲೆ ಜನ ಅದೇ ಸರ್ಪಕ್ಕೆ ಧೂಪ ಹಾಕೋಕೆ ಶುರು ಮಾಡಿದಾಗ ಹಿಜ್ಕೀಯ ರಾಜ ಅದನ್ನ ಚೂರು ಚೂರು ಮಾಡಿದ. ದೇವರೇ ಮಾಡಿಸಿದ್ದನ್ನ ದೇವರ ಭಕ್ತನೇ ಒಡೆದ. ಹಾಗಾಗಿ ಪ್ರತಿಮೆ ಇರಬಹುದು. ಎಲ್ಲಿವರೆಗೆ ಅಂದ್ರೆ, ಅದು ತನ್ನನ್ನೇ ತೋರಿಸಿಕೊಳ್ಳೋಕೆ ಶುರು ಮಾಡೋವರೆಗೆ.

ನೂರಾ ಹದಿನಾಲ್ಕು ಅಡಿ ಯಾರನ್ನ ತೋರಿಸುತ್ತೆ? ಅದೇ 2019ರ ನವೆಂಬರ್‌ನಲ್ಲಿ ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯವರ 111 ಅಡಿ ಪ್ರತಿಮೆಗೆ ಶಂಕುಸ್ಥಾಪನೆ ಆಗಿತ್ತು. ಮುಂದಿನ ತಿಂಗಳು ನಮ್ಮದು 114. ಆ ಮೂರಡಿ ಕಾಕತಾಳೀಯವೋ ಅಲ್ವೋ, ನನಗೆ ಮಾತ್ರ ಅಸಹ್ಯ ಅನ್ನಿಸಿತು. ಸ್ವಾಮೀಜಿಯವರು ನೂರಾ ಹನ್ನೊಂದು ವರ್ಷ ಬಾಳಿದ್ದಕ್ಕೆ ಆ ಅಳತೆ. ನಮ್ಮ ಅಳತೆಗೆ ಏನು ಕಾರಣ?

ಆದ್ರೆ ಬೆಟ್ಟದ ಹೆಸರಿನ ವಿಷಯದಲ್ಲಿ ನಾನು ಬಿಟ್ಟುಕೊಡೋದಿಲ್ಲ. ಕಪಾಲ ಅಂದ್ರೆ ತಲೆಬುರುಡೆ. ಯೇಸುಸ್ವಾಮಿಯನ್ನ ಶಿಲುಬೆಗೆ ಹಾಕಿದ ಗೊಲ್ಗೊಥಾ ಅನ್ನೋ ಜಾಗದ ಹೆಸರಿಗೆ ಅರ್ಥವೇ ಅದು. ಕನ್ನಡ ಬೈಬಲ್ ಓದಿದವರಿಗೆ ಕಪಾಲ ಅಂದ ಕೂಡಲೇ ಆ ಜಾಗ ನೆನಪಾಗುತ್ತೆ. ಆದ್ರೆ ಕಪಾಲ ಅಂದ್ರೆ ನನ್ನ ಗೆಳೆಯನಿಗೆ ನೆನಪಾಗೋದು ಶಿವ. ಅವನದ್ದೂ ತಪ್ಪಲ್ಲ, ಪದ ಇಬ್ಬರದ್ದೂ. ತಮಾಷೆ ಅಂದ್ರೆ, ಗೊಲ್ಗೊಥಾ ಸರ್ಕಾರ ಅಪರಾಧಿಗಳನ್ನ ಕೊಲ್ತಿದ್ದ ಜಾಗ. ಅಲ್ಲಿ ಸೋತು, ಬಟ್ಟೆ ಕಳಕೊಂಡು, ಎಲ್ಲರಿಂದ ಉಗಿಸಿಕೊಂಡು ಸತ್ತವನನ್ನ ನಾವು ದೇವರು ಅಂತೀವಿ. ಆ ಬೆಟ್ಟಕ್ಕೆ ಮರದ ಶಿಲುಬೆ ಹೊತ್ತು ಬರಿಗಾಲಲ್ಲಿ ಹತ್ತೋ ಮುದುಕಿಯರಿಗೆ ಇದು ಗೊತ್ತು. ಪ್ರತಿಮೆ ಬೇಕು ಅನ್ನೋರಿಗೂ, ಬೇಡ ಅಂತ ಲಾರಿಯಲ್ಲಿ ಬಂದವರಿಗೂ ಮರೆತುಹೋಗಿತ್ತು.

ಯೊವಾನ್ನನ ನಾಲ್ಕನೇ ಅಧ್ಯಾಯದಲ್ಲಿ ಸಮಾರ್ಯದ ಹೆಂಗಸು ಬಾವಿಕಟ್ಟೆಯಲ್ಲಿ ಯೇಸುಸ್ವಾಮಿಯನ್ನ ಕೇಳೋದೂ ಬೆಟ್ಟದ ಪ್ರಶ್ನೆಯೇ. ನಮ್ಮವರು ಈ ಬೆಟ್ಟ ಅಂತಾರೆ, ನೀವು ಜೆರುಸಲೇಮ್ ಅಂತೀರ, ಯಾವುದು ಸರಿ? ಯೇಸು ತನ್ನ ಪಕ್ಷ ಮುಚ್ಚಿಡೋದಿಲ್ಲ, ಉದ್ಧಾರ ಯೆಹೂದ್ಯರಿಂದ ಬರೋದು ಅಂತ ನೇರವಾಗೇ ಹೇಳ್ತಾರೆ. ಆದ್ರೆ ಆರಾಧನೆ ಈ ಬೆಟ್ಟದಲ್ಲೂ ಅಲ್ಲ ಜೆರುಸಲೇಮಿನಲ್ಲೂ ಅಲ್ಲ ಅನ್ನೋ ಕಾಲ ಬರುತ್ತೆ ಅಂತಲೂ ಹೇಳ್ತಾರೆ. ಇಷ್ಟೆಲ್ಲ ಮಾತು ಶುರುವಾಗಿದ್ದು ಅವಳ ಹತ್ರ ಕುಡಿಯೋಕೆ ನೀರು ಕೇಳಿ, ಮುಟ್ಟಬಾರದ ಜಾತಿಯವಳ ಬಿಂದಿಗೆಯಿಂದ. ಅದೇ ಸಮಾರ್ಯದ ಇನ್ನೊಂದು ಹಳ್ಳಿ ಅವರನ್ನ ಊರೊಳಗೆ ಬಿಡಲಿಲ್ಲ. ಶಿಷ್ಯರು ಆಕಾಶದಿಂದ ಬೆಂಕಿ ಸುರಿಸೋಣವಾ ಅಂದಾಗ ಗದರಿಸಿ ಬೇರೆ ಹಳ್ಳಿಗೆ ಹೋದರು ಅಂತ ಲೂಕ ಬರೀತಾನೆ. 2020ರ ಮಾರ್ಚ್‌ನಲ್ಲಿ ದೇವನಹಳ್ಳಿ ತಾಲ್ಲೂಕಿನ ದೊಡ್ಡಸಾಗರಹಳ್ಳಿಯ ಬೆಟ್ಟದಿಂದ ಯೇಸು ಪ್ರತಿಮೆ ತೆಗೆಸಿದಾಗ ನಮ್ಮ ಹುಡುಗರ ಬಾಯಲ್ಲೂ ಬೆಂಕಿಯ ಮಾತೇ ಇತ್ತು. ಕಾನೂನಿನ ಪ್ರಕಾರ ಹೋರಾಡೋದು ಬೇರೆ, ಅದನ್ನ ಮಾಡಬೇಕು. ಪೌಲನೂ ತನ್ನ ರೋಮನ್ ಪೌರತ್ವ ತೋರಿಸಿ ಹಕ್ಕು ಕೇಳಿದವನೇ.

ಮತಾಂತರದ ಮಾತು ಬಿಟ್ಟರೆ ಕಳ್ಳತನ ಆಗುತ್ತೆ. 2022ರಲ್ಲಿ ರಾಜ್ಯದಲ್ಲಿ ಮತಾಂತರದ ಮೇಲೆ ಕಾನೂನು ಬಂತು, 2023ರ ಜೂನಿನಲ್ಲಿ ಹೊಸ ಸರ್ಕಾರದ ಸಂಪುಟ ಅದನ್ನ ವಾಪಸ್ ತಗೊಳ್ಳೋ ನಿರ್ಧಾರ ಮಾಡಿತು. ನನಗೆ ಆ ಕಾನೂನು ಇಷ್ಟವಿರಲಿಲ್ಲ. ಆದ್ರೆ ಎಲ್ಲ ಜನಾಂಗಗಳನ್ನೂ ಶಿಷ್ಯರನ್ನಾಗಿ ಮಾಡಿ ಅನ್ನೋ ಮಾತು ಮತ್ತಾಯನ ಕೊನೆಯಲ್ಲಿ ಇಲ್ಲವೇ ಇಲ್ಲ ಅನ್ನೋ ಹಾಗೆ ನಡ್ಕೊಳ್ಳೋದೂ ಸರಿಯಲ್ಲ. ಇದೆ. ನನ್ನ ಗೆಳೆಯ ಕೇಳಿದರೆ ಇದೆ ಅಂತಲೇ ಹೇಳ್ತೀನಿ. ಅದೇ ಮತ್ತಾಯನ ಇಪ್ಪತ್ಮೂರನೇ ಅಧ್ಯಾಯದಲ್ಲಿ, ಒಬ್ಬನನ್ನ ಮತಕ್ಕೆ ಸೇರಿಸೋಕೆ ನೆಲ ಜಲ ಸುತ್ತುವವರಿಗೆ ಯೇಸುವೇ ಶಾಪ ಹಾಕಿದ್ದನ್ನೂ ತೋರಿಸ್ತೀನಿ. ಮೋಸ ತಂತ್ರಗಳನ್ನ ನಾವು ಬಿಟ್ಟಿದ್ದೀವಿ ಅಂತ ಪೌಲ ಕೊರಿಂಥದವರಿಗೆ ಎರಡನೇ ಪತ್ರದಲ್ಲಿ ಹೇಳಿದ್ದನ್ನೂ. ಅಕ್ಕಿ ಮೂಟೆ ತೋರಿಸಿ, ರೋಗದ ಭಯ ತೋರಿಸಿ ಕರೆಯೋರು ಎಲ್ಲಾದರೂ ಇದ್ದರೆ ಅವರ ವಿರುದ್ಧ ಮೊದಲ ಸಾಕ್ಷಿ ಈ ಪುಸ್ತಕವೇ.

ನಾಮಾನನ ಕತೆ ಬಿಟ್ಟೇ ಹೋಗ್ತಿತ್ತು. ಸಿರಿಯಾದ ಸೇನಾಪತಿ, ಕುಷ್ಠ ವಾಸಿಯಾಗಿ ಇಸ್ರಯೇಲಿನ ದೇವರನ್ನ ನಂಬ್ತಾನೆ. ಎರಡು ಹೇಸರಗತ್ತೆ ಹೊರುವಷ್ಟು ಮಣ್ಣು ಕೊಡಿ ಅಂತ ಕೇಳ್ತಾನೆ, ತನ್ನೂರಲ್ಲಿ ಆ ಮಣ್ಣಿನ ಮೇಲೆ ಆರಾಧನೆ ಮಾಡೋಕೆ. ಆಮೇಲೆ ಹಿಂಜರೀತಾ ಇನ್ನೊಂದು ಕೇಳ್ತಾನೆ: ನಮ್ಮ ರಾಜ ರಿಮ್ಮೋನ್ ದೇವರ ಗುಡಿಗೆ ಹೋಗುವಾಗ ನನ್ನ ತೋಳು ಹಿಡ್ಕೊಂಡು ಬಗ್ಗುತ್ತಾನೆ, ಆಗ ನಾನೂ ಬಗ್ಗಲೇಬೇಕು, ಅದೊಂದನ್ನ ಕ್ಷಮಿಸಲಿ ಅಂತ. ಎಲೀಷ ಉಪನ್ಯಾಸ ಕೊಡೋದಿಲ್ಲ. ಸಮಾಧಾನದಿಂದ ಹೋಗು ಅಂತಾನೆ, ಅಷ್ಟೇ. ಗೌಡರ ಕಣದಲ್ಲಿ ಕೆಲಸ ಮಾಡ್ತಾ ಊರಹಬ್ಬದ ದಿನ ದೇವರ ಗುಡ್ಡದ ಮುಂದೆ ಗೌಡರ ಪಕ್ಕ ನಿಂತಿರ್ತಿದ್ದ ನಮ್ಮ ಅಜ್ಜಂದಿರ ಬಗ್ಗೆ ನಾನು ಮೊದಲು ಸ್ವಲ್ಪ ನಾಚಿಕೆ ಪಡ್ತಿದ್ದೆ. ಇದನ್ನ ಓದಿದ ಮೇಲೆ ಇಲ್ಲ.

ಹೋದ ವರ್ಷ ಊರಿಗೆ ಹೋದಾಗ ದೊಡ್ಡವ್ವನ ಮನೆಗೆ ಹೋಗಿದ್ದೆ. ಜಿಲ್ಲೆಯ ಹೆಸರು 2025ರಲ್ಲಿ ಬೆಂಗಳೂರು ದಕ್ಷಿಣ ಅಂತ ಆಗಿದೆ, ಅವರ ಬಾಯಲ್ಲಿ ಇನ್ನೂ ರಾಮನಗರ ಡಿಸ್ಟ್ರಿಕ್ಟೇ. ತಮ್ಮ ಮಾಡಿದ್ದಕ್ಕೆ ನಾನು ಕ್ಷಮೆ ಕೇಳಿದೆ, ಇಷ್ಟು ವರ್ಷ ಆದಮೇಲೆ. "ಅದ್ನ ಇನ್ನೂ ಮಡಿಕೊಂಡಿದ್ದೀಯಾ ಮಗ? ನಾನ್ ಆವತ್ತೇ ಮರ್ತೆ" ಅಂದರು. ಮರೆತಿರಲಿಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ನನ್ನ ಗೆಳೆಯನಿಗೆ ಕಂಚಿನ ಸರ್ಪದಿಂದ ಶುರು ಮಾಡಿ ಎಲ್ಲ ಹೇಳಿದೆ. ಕೇಳಿಸ್ಕೊಂಡು, "ಹಂಗಾರೆ ಪ್ರತಿಮೆ ಬೇಡ ಅಂತೀಯಾ?" ಅಂದ. ನನ್ನ ಕೇಳಿದ್ರೆ ಬೇಡ, ಆದ್ರೆ ಶುಕ್ರವಾರ ಬೆಟ್ಟ ಹತ್ತೋದನ್ನ ಯಾರಾದ್ರೂ ತಡೆದರೆ ನಿಂತು ಕೇಳ್ತೀನಿ ಅಂದೆ. "ಅದ್ಯಾವನ್ ತಡೀತಾನೆ, ನಾನೂ ಬತ್ತೀನಿ ನಡಿ" ಅಂದ.

ಆಮೇಲೆ ಪುಸ್ತಕ ಕೊಡು ನೋಡಾನ ಅಂತ ಇಸ್ಕೊಂಡ. ಒಂದು ವಾರಕ್ಕೆ ಫೋನ್ ಮಾಡಿದ. ಹೊಸ ಒಡಂಬಡಿಕೆ ಮೊದಲ ಪುಟವೇ ತೆಗೆದಿದ್ದಾನೆ.

"ಏನ್ಲಾ ಇದು, ಅವ್ನಿಗ್ ಇವ್ನು ಹುಟ್ದ, ಇವ್ನಿಗ್ ಅವ್ನು ಹುಟ್ದ ಅಂತ ಬರೀ ವಂಶಾವಳಿನೇ ಬರ್ದವ್ರಲ್ಲಾ! ಪಹಣಿ ಇದ್ದಂಗೈತೆ."

ಯೊವಾನ್ನ ನಾಲ್ಕು ತೆಗಿ ಅಂದೆ. ಅಲ್ಲೊಂದು ಬಾವಿ ಬರುತ್ತೆ, ಅಲ್ಲಿಂದ ಓದು.